ದೊಡ್ಡ ಸ್ಕೂಟರ್ ತಗೊಳ್ಳಲಾ? ಮೊದಲು ನೀರಿನ ಕ್ಯಾನ್ ಎಲ್ಲಿಡ್ತೀರಿ ಹೇಳಿ

ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ತೋರಣಗಲ್ಲಿನಲ್ಲಿ ಡ್ಯೂಟಿ ಮುಗಿಸಿ ಚಹಾ ಕುಡಿಯುವಾಗ, ಸುಧಾ ಕ್ರಾಸ್‌ನಲ್ಲಿ ರೈಲ್ವೆ ಗೇಟ್ ಬಿದ್ದು ನಿಂತಾಗ, ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲೂ. "ಅಣ್ಣಾ, ಈ ದೊಡ್ಡ ಸ್ಕೂಟರ್ ಹೆಂಗೈತೆ? ನಾನೂ 125 ಮಾರಿ ಇದನ್ನ ತಗೊಳ್ಳಲಾ?" ಕೇಳುವವರು ಮನಸ್ಸಿನಲ್ಲಿ ಆಗಲೇ ಅಡ್ವಾನ್ಸ್ ಕಟ್ಟಿ ಆಗಿರುತ್ತದೆ. ನನ್ನ ಬಾಯಿಂದ "ತಗೋ" ಅನ್ನಿಸಿಕೊಳ್ಳಬೇಕು, ಅಷ್ಟೇ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ದಿನಾ ಯಾವ ರಸ್ತೆಯಲ್ಲಿ ಓಡಾಡ್ತೀರಿ? ಮನೆಗೆ ನೀರಿನ ಕ್ಯಾನ್ ತರೋರು ಯಾರು?

ಎರಡನೆಯದಕ್ಕೆ ಎಲ್ಲರೂ ನಗುತ್ತಾರೆ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ರಸ್ತೆಯ ಮಾತು. ನನ್ನದು ಬಳ್ಳಾರಿಯಿಂದ ತೋರಣಗಲ್ಲು, ಹೋಗಲು ಹೆಚ್ಚುಕಡಿಮೆ 30 ಕಿಲೋಮೀಟರ್, ಬರಲು ಅಷ್ಟೇ. ಅಲ್ಲೀಪುರ ದಾಟಿದ ಮೇಲೆ ಜೊತೆಗಿರುವುದೆಲ್ಲ ದೊಡ್ಡ ಗಾಡಿಗಳೇ. ಅದಿರಿನ ಲಾರಿ, ಉಕ್ಕಿನ ಸುರುಳಿ ಹೊತ್ತ ಟ್ರೇಲರ್, ಕುಡತಿನಿ ಕಡೆಯ ಬೂದಿ ಟ್ಯಾಂಕರ್. ನಾಲ್ಕು ವರ್ಷ ಈ ದಾರಿಯಲ್ಲಿ 125 ಸಿಸಿ ಗಾಡಿ ಓಡಿಸಿದೆ. ಟ್ರೇಲರ್ ಪಕ್ಕದಲ್ಲಿ ಹಾದು ಹೋದಾಗ ಗಾಳಿ ಮೊದಲು ಹೊರಗೆ ತಳ್ಳುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ನೂರೈದು ಕೆ.ಜಿ.ಯ ಗಾಡಿ ಆಗ ಎಲೆಯ ಹಾಗೆ ಅಲ್ಲಾಡುತ್ತದೆ.

ಗಾಡಿ ಬದಲಿಸಿ 155 ಸಿಸಿಯ ಈ ದೊಡ್ಡ ಸ್ಕೂಟರ್ ತಂದದ್ದು ಮಾತ್ರ ಅದಕ್ಕಲ್ಲ. ಒಂದು ಬೆಳಗ್ಗೆ, ಆರು ಗಂಟೆ ಶಿಫ್ಟಿಗೆ ಹೋಗುತ್ತಿದ್ದೆ. ಸಣ್ಣಗೆ ಮಳೆ ಹನಿದಿತ್ತು. ಜೋರು ಮಳೆಯಾದರೆ ರಸ್ತೆ ತೊಳೆದು ಹೋಗುತ್ತದೆ. ಹನಿ ಮಳೆಯೇ ಕೆಟ್ಟದ್ದು. ಲಾರಿಯಿಂದ ಉದುರಿದ ಅದಿರಿನ ಪುಡಿ ಕಲಸಿ ಕೆಂಪು ಜಿಡ್ಡಾಗಿರುತ್ತದೆ. ಎಮ್ಮೆಯೊಂದು ಅಡ್ಡ ಬಂತು, ಬ್ರೇಕ್ ಹಿಡಿದೆ, ಮುಂದಿನ ಚಕ್ರವೇ ಜಾರಿತು. ಹಿಂದೆ ಯಾವ ಲಾರಿಯೂ ಇರಲಿಲ್ಲ, ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಮೊಣಕಾಲಿಗೆ ಏಳು ಹೊಲಿಗೆ. ಎಮ್ಮೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಕೂತು ವಿಚಾರಿಸಿದಾಗ ತಿಳಿದದ್ದು ಇಷ್ಟು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ಕಡ್ಡಾಯ. 125ರ ತನಕ ಸಿಬಿಎಸ್ ಇದ್ದರೆ ಸಾಕು ಎಂದು ಬಿಟ್ಟರು. ಸಿಬಿಎಸ್ ಎಂದರೆ ಒಂದು ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುತ್ತದೆ, ಅಷ್ಟೇ. ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ತಡೆಯುವುದು ಎಬಿಎಸ್. ಹಾಗಂತ ಜಾಸ್ತಿ ನಂಬಬೇಡಿ. ಈ 155-160 ಸಿಸಿ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಈಗಲೂ ಜಾರುತ್ತದೆ.

ಇನ್ನೊಂದು ಚಕ್ರದ ಅಳತೆ. ನಮ್ಮ ಸಾಮಾನ್ಯ ಸ್ಕೂಟರ್‌ಗಳಲ್ಲಿ ಮುಂದೆ 12 ಇಂಚು, ಹಿಂದೆ 10 ಇಂಚು ಇರುವುದೇ ಹೆಚ್ಚು. ಯಮಹಾ ಏರಾಕ್ಸ್ 155, ಹೀರೋ ಜೂಮ್ 160ರಲ್ಲಿ ಎರಡೂ 14 ಇಂಚು. 10 ಇಂಚಿನ ಚಕ್ರ ಗುಂಡಿಗೆ ಇಳಿದು ಹತ್ತುತ್ತದೆ, 14 ಇಂಚಿನದು ಅದೇ ಗುಂಡಿಯ ಮೇಲೆ ಹಾದು ಹೋಗುತ್ತದೆ. ನೋಡಿದರೆ ನಾಲ್ಕು ಇಂಚು, 60ರ ವೇಗದಲ್ಲಿ ಅದು ಬೇರೆಯೇ ಗಾಡಿ.

ಎಂಜಿನ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ಹೇಳುತ್ತೇನೆ. 125ರಲ್ಲಿ ಎಂಟೋ ಒಂಬತ್ತೋ ಹಾರ್ಸ್‌ಪವರ್, ಏರಾಕ್ಸ್‌ನಲ್ಲಿ ಹದಿನೈದರ ಹತ್ತಿರ. ಲಾರಿ ದಾಟುವಾಗ ಉಪಯೋಗಕ್ಕೆ ಬರುತ್ತದೆ, ನಿಜ. ರೇಡಿಯೇಟರ್ ಇರುವುದರಿಂದ ನಮ್ಮ ಮೇ ತಿಂಗಳಲ್ಲೂ, ಎರಡು ಗಂಟೆ ಬಿಸಿಲಲ್ಲೂ ಎಂಜಿನ್ ಏದುಸಿರು ಬಿಡುವುದಿಲ್ಲ. ಅದರ ಮೇಲೆ ಕೂತವನ ಗತಿ ಮಾತ್ರ ಮೊದಲಿನ ಹಾಗೆಯೇ.

ಮೈ ನೋಡಿ ಮೋಸ ಹೋಗಬೇಡಿ ಎಂದೂ ಹೇಳಬೇಕು. 2018ರಲ್ಲಿ ಬಂದ ಸುಜುಕಿ ಬರ್ಗ್‌ಮನ್ ಸ್ಟ್ರೀಟ್ ನೋಡಲು ಭರ್ಜರಿ, ಒಳಗಿರುವುದು 125ರ ಎಂಜಿನ್ನೇ. ಕಾಲು ಚಾಚಿ ಕೂತು ಊರೊಳಗೆ ಓಡಾಡುವವರಿಗೆ ಅದು ಸಾಕು. ಹೈವೇಯಲ್ಲಿ ದಿನಾ 60 ಕಿಲೋಮೀಟರ್ ಎನ್ನುವವರು ಬ್ರೇಕು, ಚಕ್ರ ನೋಡಿ ಆರಿಸಬೇಕು. ಇಂಥ ದೊಡ್ಡ ಸ್ಕೂಟರ್‌ಗಳಿಗೆ ಮ್ಯಾಕ್ಸಿ ಎನ್ನುತ್ತಾರೆ. ಹೊರದೇಶದವರು ಮ್ಯಾಕ್ಸಿ ಎಂದರೆ ಯಮಹಾ ಟಿಮ್ಯಾಕ್ಸ್ ತರಹ 560 ಸಿಸಿ ಗಾಡಿಗಳನ್ನು ತೋರಿಸುತ್ತಾರೆ. ಅವರಿಗೆ ನಮ್ಮ 155 ಮರಿ ಇದ್ದ ಹಾಗೆ.

ಈಗ ದುಡ್ಡು. ನನ್ನ ಹಳೆಯ ಗಾಡಿ ಲೀಟರಿಗೆ 48 ಕೊಡುತ್ತಿತ್ತು, ಈಗಿನದು 40. ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ 1500 ಕಿಲೋಮೀಟರ್. ಮೊದಲು 31 ಲೀಟರ್ ಸಾಕಿತ್ತು, ಈಗ ಮೂವತ್ತೇಳೂವರೆ ಬೇಕು. ಅಲ್ಲಿಗೆ ತಿಂಗಳಿಗೆ ಆರುನೂರು ಚಿಲ್ಲರೆ ಜಾಸ್ತಿ. ಇನ್ಶೂರೆನ್ಸ್ ಲೆಕ್ಕ ಯಾರೂ ಮಾಡುವುದಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಥರ್ಡ್ ಪಾರ್ಟಿ ಕಂತು 75ರಿಂದ 150 ಸಿಸಿ ತನಕ ವರ್ಷಕ್ಕೆ 714 ರೂಪಾಯಿ, ಅದನ್ನು ದಾಟಿದರೆ 1366. ಐದು ಸಿಸಿ ಜಾಸ್ತಿ ಆದದ್ದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು! ಟೈರು, ಬೆಲ್ಟು ಎಲ್ಲವೂ ಒಂದು ಕೈ ಮೇಲೆಯೇ. ಅದಿರಿನ ಧೂಳಿನಲ್ಲಿ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬಿಚ್ಚಿಸಿ ನೋಡುತ್ತೇನೆ. ಒಮ್ಮೆ ಬೆಲ್ಟ್ ಬರಲು ಹನ್ನೊಂದು ದಿನ ಕಾದೆ. ಅಷ್ಟು ದಿನ ಬಸ್ಸು.

ಸರಿ, ನೀರಿನ ಕ್ಯಾನ್.

ನಮ್ಮೂರಲ್ಲಿ ಸ್ಕೂಟರ್ ಎಂದರೆ ಬರೀ ಓಡಾಡುವ ಗಾಡಿಯಲ್ಲ, ಅರ್ಧ ಲಗೇಜ್ ಆಟೋ. ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುವುದು ಮುಂದೆ ಕಾಲಿಡುವ ಚಪ್ಪಟೆ ಜಾಗದ ಮೇಲೆ. 25 ಕೆ.ಜಿ. ಸೋನಾ ಮಸೂರಿ ಚೀಲ ಬರುವುದು ಅದರ ಮೇಲೆ. ಮಗಳು ಚಿಕ್ಕವಳಿದ್ದಾಗ ನಿಲ್ಲುತ್ತಿದ್ದದ್ದೂ ಅಲ್ಲೇ. ಏರಾಕ್ಸ್, ಜೂಮ್ 160 ತರಹದ ಗಾಡಿಯಲ್ಲಿ ಆ ಜಾಗವೇ ಇಲ್ಲ. ಕಾಲುಗಳ ನಡುವೆ ಗಾಡಿಯ ಮೈಯೇ ಬೆನ್ನುಮೂಳೆಯ ಹಾಗೆ ಎದ್ದಿರುತ್ತದೆ. ಗಾಡಿ ಗಟ್ಟಿಯಾಗಿ ನಿಲ್ಲುವುದಕ್ಕೆ ಅದೂ ಒಂದು ಕಾರಣವೇ. ಆದರೆ ಗಾಡಿ ತಂದ ಮೊದಲ ದಿನ ಪೂಜೆ ಮಾಡಿ, ನಿಂಬೆಹಣ್ಣು ತುಳಿಸಿ, ಸಂಜೆ ಕ್ಯಾನ್ ಹಿಡಿದು ಹೊರಟವನು ಅರ್ಧ ನಿಮಿಷ ಸುಮ್ನೆ ನಿಂತುಬಿಟ್ಟೆ. ಇಡುವುದೆಲ್ಲಿ?

ಅವ್ವನ ತಕರಾರು ಬೇರೆ. ಹಿಂದಿನ ಸೀಟು ಎತ್ತರ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರಿಗೆ ಕಷ್ಟ. "ಏನಪ್ಪಾ ಇದು, ಕುದುರೆ ಹತ್ತಿದಂಗೈತೆ" ಎಂದವರು ಆಮೇಲೆ ದುರ್ಗಮ್ಮನ ಗುಡಿಗೂ ಆಟೋದಲ್ಲೇ ಹೋಗುತ್ತಾರೆ.

ಹೀಗಾಗಿ ಹಳೆಯ 125 ಮಾರಲಿಲ್ಲ. ಅದನ್ನು ಮನೆಯವಳು ಓಡಿಸುತ್ತಾಳೆ, ನೀರು ಅದರಲ್ಲೇ ಬರುತ್ತದೆ. ಒಂದನ್ನು ಮಾರಿ ಇನ್ನೊಂದು ತಗೊಳ್ಳಬೇಕು ಎನ್ನುವ ಸ್ಥಿತಿಯಾಗಿದ್ದರೆ ನಾನು ತಗೊಳ್ಳುತ್ತಿದ್ದೆನಾ? ಮೊಣಕಾಲಿನ ಗುರುತು ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ಕೌಲ್ ಬಜಾರ್‌ನಿಂದ ರಾಯಲ್ ಸರ್ಕಲ್‌ಗೆ ಹೋಗಿ ಬರುವ ನಮ್ಮ ಓಣಿಯ ಹುಡುಗನಿಗೆ ಖಂಡಿತ ಬೇಡ ಎಂದೆ. ಆ ಸಂದಿಯಲ್ಲಿ 14 ಇಂಚಿನ ಚಕ್ರಕ್ಕೆ ಏನು ಕೆಲಸ? ತಿರುಗಿಸಲು ಜಾಗ ಸಾಲದು, ಆಟೋಗಳ ನಡುವೆ ನುಗ್ಗಲು ಆಗದು. ಅವನಿಗೆ ಬೇಜಾರಾಯಿತು. ಮೈಲೇಜು, ಬ್ರೇಕು ಎಂದು ಏನೇನೋ ಕೇಳಿದ. ಅವನಿಗೆ ಬೇಕಿದ್ದದ್ದು ಚೆಂದ ಕಾಣುವ ಗಾಡಿ. ಅದಕ್ಕಾಗಿಯೇ ತಗೊಂಡರೂ ತಪ್ಪಿಲ್ಲ, ಸುಮ್ನೆ ನನ್ನ ಹತ್ತಿರ ಬ್ರೇಕಿನ ನೆಪ ಹೇಳಬಾರದು, ಅಲ್ವಾ?

ಶೋರೂಮಿನವರು ಓಡಿಸಲು ಕೊಡುವ ಒಂದು ಸುತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ. ಯಾರದಾದರೂ ಗಾಡಿ ಒಂದು ದಿನ ಕೇಳಿ ಪಡೆದು, ನೀವು ದಿನಾ ಹೋಗುವ ದಾರಿಯಲ್ಲೇ, ಹೋಗುವ ಹೊತ್ತಿಗೇ ಓಡಿಸಿ. ಹಿಂದೆ ಮನೆಯವರನ್ನೂ ಕೂರಿಸಿ. ನನ್ನದು ಭಾನುವಾರ ಖಾಲಿ ಇರುತ್ತದೆ. ಬೇಕಿದ್ದವರು ಬನ್ನಿ, ಪೆಟ್ರೋಲ್ ನಿಮ್ಮದು.