ಥೇಮ್ಸ್ ಐರನ್‌ವರ್ಕ್ಸ್ ಕಡತ: ಶನಿವಾರಗಳು ಕೊನೆಗೂ ಶನಿವಾರವಾದವು

ಥೇಮ್ಸ್ ಐರನ್‌ವರ್ಕ್ಸ್ ಫುಟ್‌ಬಾಲ್ ತಂಡದ ಐದು ಸೀಸನ್‌ಗಳ ಪಂದ್ಯಗಳೂ ಈಗ ನನ್ನ ಎಕ್ಸೆಲ್ ಕಡತದಲ್ಲಿ ದಿನಾಂಕದ ಸಾಲಿಗೆ ಸರಿಯಾಗಿ ಕೂತಿವೆ. ಗೋಲು, ಮೈದಾನ, ಎದುರಾಳಿ ಕಾಲಂಗಳದ್ದು ಮಾಮೂಲಿ ಕೆಲಸ, ಅದು ಬೇಡ. ಕಾಡಿದ್ದು ದಿನಾಂಕದ ಕಾಲಂ ಒಂದೇ.

ಲಂಡನ್‌ನ ಹಡಗು ಕಟ್ಟುವ ಕಾರ್ಖಾನೆಯ ಈ ತಂಡ ಮಾಲೀಕ ಆರ್ನಾಲ್ಡ್ ಹಿಲ್ಸ್ ಬೆಂಬಲದಿಂದ ಹುಟ್ಟಿದ್ದು 1895ರಲ್ಲಿ. 1900ರ ಜೂನ್‌ನಲ್ಲಿ ವಿಸರ್ಜನೆಯಾಗಿ, ಮರು ತಿಂಗಳೇ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಎಕ್ಸೆಲ್ ಕ್ಯಾಲೆಂಡರ್ ಶುರುವಾಗುವುದೇ 1900ರ ಜನವರಿ 1ಕ್ಕೆ. ಅದಕ್ಕೂ ಹಿಂದಿನ ದಿನಾಂಕ ಅದಕ್ಕೆ ಬರೀ ಅಕ್ಷರ, ಮುಂದಿನದು ಸಂಖ್ಯೆ. ಏರಿಕೆ ಕ್ರಮದಲ್ಲಿ ಜೋಡಿಸಿದರೆ ಸಂಖ್ಯೆಗಳು ಮೊದಲು ಬರುತ್ತವೆ. ಹಾಗಾಗಿ 1900ರ ಪಂದ್ಯಗಳು 1895ರ ಮೊದಲ ಪಂದ್ಯದ ತಲೆಯ ಮೇಲೆ ಹೋಗಿ ಕೂತವು. 1899-1900ರ ಸೀಸನ್ ನಡುವೆಯೇ ಸೀಳಿಹೋಯಿತು.

ವರ್ಷ, ತಿಂಗಳು, ದಿನ ಕೊಟ್ಟರೆ ದಿನಾಂಕ ಮಾಡಿಕೊಡುವ ಎಕ್ಸೆಲ್‌ನ ಡೇಟ್ ಫಂಕ್ಷನ್‌ಗೆ 1895 ಕೊಟ್ಟರೆ ಅದು 1900 ಕೂಡಿಸಿ 3795ನೇ ಇಸವಿ ಕೊಡುತ್ತದೆ. ದೋಷದ ಸಂದೇಶ ಬರುವುದಿಲ್ಲ, ಆದ್ದರಿಂದ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. 1900 ಅಧಿಕ ವರ್ಷವಲ್ಲ, ಆದರೆ ಎಕ್ಸೆಲ್‌ನಲ್ಲಿ ಆ ವರ್ಷದ ಫೆಬ್ರವರಿಗೆ 29 ದಿನ. ಇದರಿಂದ ಆ ಜನವರಿ, ಫೆಬ್ರವರಿಗಳ ವಾರ ಒಂದು ದಿನ ಹಿಂದೆ ಸರಿದು, ಜನವರಿ 6ರ ಶನಿವಾರ ಶುಕ್ರವಾರ ಎಂದು ಬರುತ್ತದೆ.

ವಾರಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಕಾರ್ಖಾನೆ ತಂಡಕ್ಕೆ ಶನಿವಾರ ಮಧ್ಯಾಹ್ನವೇ ಆಟದ ಹೊತ್ತು. ಬೇರೆ ವಾರ ಕಂಡರೆ, ಪತ್ರಿಕೆ ಅಚ್ಚಾದ ದಿನವನ್ನೇ ಪಂದ್ಯದ ದಿನವೆಂದು ಬರೆದುಕೊಂಡಿರುವ ಸಂಭವ ಹೆಚ್ಚು. ಹಾಗಂತ ಕಣ್ಣುಮುಚ್ಚಿ ತಿದ್ದುವಂತೆಯೂ ಇಲ್ಲ: 1895ರ ಡಿಸೆಂಬರ್ 16 ಸೋಮವಾರವೇ. ವಿದ್ಯುದ್ದೀಪದ ಬೆಳಕಿನಲ್ಲಿ ಆಡಿದ ಪ್ರಯೋಗದ ಪಂದ್ಯ ಅದು. ಆ ಪ್ರಯೋಗಗಳಲ್ಲಿ ಚೆಂಡು ಕಾಣಲೆಂದು ಸುಣ್ಣದ ನೀರಿನಲ್ಲಿ ಅದ್ದುತ್ತಿದ್ದರು.

ಪರಿಹಾರ ಹೀಗೆ. ಟೈಪ್ ಮಾಡುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಬೇಕು: 1895-09-07. ತಿಂಗಳು, ದಿನಕ್ಕೆ ಎರಡೆರಡು ಅಂಕಿ ಕಡ್ಡಾಯ. ಆಮೇಲೆ ಪಕ್ಕದ ಕಾಲಂನಲ್ಲಿ ವರ್ಷಕ್ಕೆ 400 ಕೂಡಿಸಿ ಡೇಟ್‌ಗೆ ಕೊಟ್ಟು ವಾರ ತೆಗೆಯುವುದು. 400 ವರ್ಷಕ್ಕೆ 1,46,097 ದಿನ, ಅಂದರೆ ಸರಿಯಾಗಿ 20,871 ವಾರ. ಹಾಗಾಗಿ ವಾರದ ದಿನ ಒಂದಿಷ್ಟೂ ಕದಲುವುದಿಲ್ಲ. 2295ರ ಸೆಪ್ಟೆಂಬರ್ 7 ಶನಿವಾರ, ತಂಡದ ಮೊದಲ ಪಂದ್ಯದ ದಿನವೂ ಶನಿವಾರವೇ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರದ) ಕಡತವನ್ನು ಮಾತ್ರ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, 1900ರ ಸಾಲುಗಳು ಮತ್ತೆ ಸಂಖ್ಯೆಯಾಗುತ್ತವೆ. ಇಂಪೋರ್ಟ್ ಮಾಡುವಾಗ ಆ ಕಾಲಂಗೆ ಟೆಕ್ಸ್ಟ್ ಆರಿಸಿ.

ಹಳೆ ಪತ್ರಿಕೆಗಳ ಸ್ಕ್ಯಾನ್ ಮಾರುವವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ದುಡ್ಡು ತೆಗೆದುಕೊಂಡು 3 ಯಾವುದು, 8 ಯಾವುದು ಗೊತ್ತಾಗದ ಪುಟ ಕಳಿಸುತ್ತಾರೆ. ಅದಕ್ಕೇ ಪ್ರತಿ ಸೀಸನ್‌ಗೂ ಅಂಕಗಳ ಮೊತ್ತ ಹೊಂದುತ್ತದೆಯೇ ಎಂದು ನೋಡುವ ತಾಳೆ ಕಾಲಂ ಬೇಕು: ಆಗ ಗೆಲುವಿಗೆ 2 ಅಂಕ, ಡ್ರಾಗೆ 1. 1897-98ರ ಲಂಡನ್ ಲೀಗ್‌ನಲ್ಲಿ 12 ಗೆಲುವು, 3 ಡ್ರಾ, 27 ಅಂಕ, ಪ್ರಶಸ್ತಿ. ಮರುವರ್ಷ ಸದರ್ನ್ ಲೀಗ್ ಎರಡನೇ ವಿಭಾಗದಲ್ಲಿ 19 ಗೆಲುವು, 1 ಡ್ರಾ, 39. ಎರಡೂ ತಾಳೆಯಾದವು.

ಬಡ್ತಿ ಕಾಲಂನಲ್ಲಿ ಹೌದು, ಇಲ್ಲ ಸಾಲದು. 1899ರಲ್ಲಿ ಶೆಪಿ ಯುನೈಟೆಡ್ ವಿರುದ್ಧದ ಟೆಸ್ಟ್ ಪಂದ್ಯ, ಅಂದರೆ ಮೇಲಿನ ವಿಭಾಗದಲ್ಲಿ ಯಾರಿಗೆ ಜಾಗ ಎಂದು ತೀರ್ಮಾನಿಸುವ ಪಂದ್ಯ, 1-1 ಡ್ರಾ. ಮೇಲಿನ ವಿಭಾಗವನ್ನು ಹಿಗ್ಗಿಸಿದ್ದರಿಂದ ಜಾಗ ಸಿಕ್ಕಿತು. ಮರುವರ್ಷ ಅಂಥದ್ದೇ ಟೆಸ್ಟ್ ಪಂದ್ಯದಲ್ಲಿ ಫುಲ್ಹಾಮ್‌ಅನ್ನು 5-1ರಿಂದ ಸೋಲಿಸಿ ಅಲ್ಲೇ ಉಳಿದರು. ಕಾರಣಕ್ಕೆ ಬೇರೆ ಕಾಲಂ ಸೇರಿಸಿದೆ.

ಮುಂದಿನದು ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳು. ಎಚ್‌ಎಎಲ್ ಆಗ ದೇಶದ ಉನ್ನತ ಲೀಗ್ ಆಗಿದ್ದ ಐ-ಲೀಗ್‌ವರೆಗೂ ಏರಿದ ಕಾರ್ಖಾನೆ ತಂಡ. ಅಲ್ಲಿ ದಿನಾಂಕದ ಕಾಟವಿಲ್ಲ. ಆಟಗಾರರ ಇನಿಷಿಯಲ್ ಹೆಸರಿನ ಮುಂದೋ ಹಿಂದೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಅಷ್ಟರಲ್ಲಿ ಇಲ್ಲಿ ಶನಿವಾರವಲ್ಲದ ಸಾಲುಗಳನ್ನೆಲ್ಲ ಹಳದಿ ಮಾಡಿಯಾಗಿದೆ, ಒಂದೊಂದನ್ನೇ ಪತ್ರಿಕೆಯ ಜೊತೆ ನೋಡಬೇಕು.