ಚೆನ್ನೆಮಣೆಯನ್ನು ಮೊಬೈಲಿಗೆ ತರುವಾಗ ಕಲಿತದ್ದು

ಬೋರ್ಡ್ ಗೇಮನ್ನು ಮೊಬೈಲಿಗೆ ತರುವ ಕೆಲಸದಲ್ಲಿ ನಿಯಮಗಳನ್ನು ಕೋಡ್ ಮಾಡುವುದು ಸುಲಭದ ಭಾಗ. ಯಾವ ಕೆಲಸವನ್ನು ಕಂಪ್ಯೂಟರಿಗೆ ಕೊಡಬೇಕು, ಯಾವುದನ್ನು ಆಡುವವರ ಕೈಗೂ ಕಣ್ಣಿಗೂ ಬಿಡಬೇಕು ಅನ್ನುವುದೇ ಕಷ್ಟ. ಮಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ನನ್ನದು ಸ್ಕ್ರೀನ್ ಡಿಸೈನ್ ಕೆಲಸ. ಚೆನ್ನೆಮಣೆಯ ಆ್ಯಪ್ ಮಾಡುವಾಗ ಇದು ನನಗೆ ಸರಿಯಾಗಿ ಅರ್ಥವಾಯಿತು.

ಘಟ್ಟದ ಮೇಲಿನವರು ಅಳಗುಳಿಮಣೆ ಅನ್ನುತ್ತಾರಲ್ಲ, ಅದೇ ಆಟ. ಬದಿಗೆ 7ರಂತೆ 14 ಗುಳಿ. ಗುಳಿಗೆ 4 ಕಾಯಿ, ಒಟ್ಟು 56. ಒಂದು ಗುಳಿಯ ಕಾಯಿಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಬರಿದಾದರೆ ಮುಂದಿನ ಗುಳಿಯದ್ದನ್ನು ತೆಗೆದು ಮತ್ತೆ ಹಾಕಬೇಕು. ಆ ಗುಳಿ ಖಾಲಿಯಿದ್ದರೆ, ಅದರಾಚೆಯ ಗುಳಿಯಲ್ಲಿ ಇದ್ದದ್ದು ಆಡಿದವರ ಪಾಲು. ನಾವು ತೆಗೆದುಕೊಂಡ ಕ್ರಮ ಇದು. ಬೇರೆ ಕ್ರಮಗಳೂ ಬೇಕಾದಷ್ಟಿವೆ.

ಪ್ರೋಗ್ರಾಮಿಗೆ ಇದೆಲ್ಲ 14 ಸಂಖ್ಯೆಗಳ ಒಂದು ಸಾಲು. ಎಷ್ಟೇ ಉದ್ದದ ನಡೆಯಾದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮೊದಲ ಮಾದರಿಯನ್ನು ಉಡುಪಿಯ ಒಬ್ಬರು ಅಜ್ಜಿಗೆ ಆಡಲು ಕೊಟ್ಟೆವು. ಆಟಿ ತಿಂಗಳ ಮಳೆಯಲ್ಲಿ ಚೆನ್ನೆ ಆಡಿ ಬೆಳೆದವರು. ಗುಳಿ ಮುಟ್ಟಿದರು, ಮಣೆ ತಟ್ಟನೆ ಬೇರೆಯಾಯಿತು. "ಕಾಯಿ ಎಲ್ಲಿ ಹೋಯ್ತು ಮಾರಾಯಾ?" ಅಂದರು. ಆ ಆಟ ಗೆದ್ದದ್ದು ಅವರೇ. ಆದರೂ ಇನ್ನೊಂದು ಆಟ ಬೇಡ ಅಂತ ಫೋನ್ ವಾಪಸ್ ಕೊಟ್ಟರು.

ಮಣೆಯ ಎದುರು ಕೂತಾಗ ಏನಾಗುತ್ತದೆ ನೋಡಿ. ಎದುರಿನವರ ಕೈ ಸುತ್ತು ಬರುತ್ತಿರುವಾಗ ನಾವು ಸುಮ್ನೆ ಇರುವುದಿಲ್ಲ. ಎಲ್ಲಿ ನಿಲ್ಲುತ್ತದೆ, ನಮ್ಮ ಯಾವ ಗುಳಿ ತುಂಬಿತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತೇವೆ. ಮುಂದಿನ ನಡೆಯ ಅರ್ಧ ಯೋಚನೆ ಅಲ್ಲೇ ಮುಗಿದಿರುತ್ತದೆ. ಕಂಪ್ಯೂಟರ್ ಆ ಹೊತ್ತನ್ನೇ ನುಂಗಿಬಿಟ್ಟರೆ ಆಡುವವರಿಗೆ ಉಳಿಯುವುದು ಫಲಿತಾಂಶ ಮಾತ್ರ. ಹಾಗಾಗಿ ಕಾಯಿಗಳು ಒಂದೊಂದಾಗಿ ಬೀಳುವಂತೆ ಮಾಡಿದೆವು. ಮರದ ಗುಳಿಗೆ ಕಾಯಿ ಬೀಳುವ ಸದ್ದನ್ನು ನಿಜವಾದ ಮಣೆಯಿಂದಲೇ ರೆಕಾರ್ಡ್ ಮಾಡಿಕೊಂಡೆವು. ವೇಗ ಬೇಕಾದವರು ಜಾಸ್ತಿ ಮಾಡಿಕೊಳ್ಳಬಹುದು.

ಹಾಗಂತ ಎಲ್ಲವೂ ನಿಧಾನ ಆಗಬೇಕು ಅಂತಿಲ್ಲ. 2004ರಲ್ಲಿ ಬಂದ ಟಿಕೆಟ್ ಟು ರೈಡ್ ಆಟದ ಕೊನೆಯಲ್ಲಿ ಅತಿ ಉದ್ದದ ರೈಲು ದಾರಿ ಇದ್ದವರಿಗೆ 10 ಅಂಕ. ಮೇಜಿನ ಮೇಲೆ ಆ ದಾರಿಗಳನ್ನು ಎಣಿಸುವುದು ತಲೆನೋವು. ಇನ್ನೊಂದು ಬೋರ್ಡ್ ಗೇಮ್ ಟೆರಾಫಾರ್ಮಿಂಗ್ ಮಾರ್ಸ್‌ನಲ್ಲಂತೂ ಮೊಣಕೈ ತಾಗಿ ಲೆಕ್ಕಕ್ಕೆ ಇಟ್ಟ ಸಣ್ಣ ಕ್ಯೂಬ್‌ಗಳು ಜರುಗಿದರೆ ಯಾರ ಹತ್ತಿರ ಎಷ್ಟಿತ್ತು ಅನ್ನುವುದೇ ಮರೆತುಹೋಗುತ್ತದೆ. ಇಂಥ ಕೆಲಸ ಯಂತ್ರಕ್ಕೆ ಹೋದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಚೆನ್ನೆಯಲ್ಲೂ ಸುತ್ತಿನ ಕೊನೆಯ ಎಣಿಕೆ ಕಂಪ್ಯೂಟರಿನದ್ದೇ. ಗುಳಿಯ ಮೇಲೆ ಕಾಯಿಗಳ ಸಂಖ್ಯೆ ತೋರಿಸಬೇಕಾ ಅನ್ನುವ ಬಗ್ಗೆ ಮಾತ್ರ ಆಫೀಸಿನಲ್ಲಿ ದೊಡ್ಡ ಚರ್ಚೆ ಆಯಿತು. ರಾಶಿ ನೋಡಿ ಅಂದಾಜು ಮಾಡುವುದೂ ಆಟದ ಜಾಣ್ಮೆಯೇ ಅಲ್ವಾ? ಕೊನೆಗೆ, ಹೊಸಬರು ಬೇಕಿದ್ದರೆ ಆನ್ ಮಾಡಿಕೊಳ್ಳಲಿ ಅಂತ ಇಟ್ಟೆವು.

ಅನ್‌ಡೂ (ಅಂದರೆ ಆಡಿದ ನಡೆಯನ್ನು ವಾಪಸ್ ಪಡೆಯುವುದು) ಇನ್ನೊಂದು ಸೂಕ್ಷ್ಮ ವಿಷಯ. ಮುಚ್ಚಿಟ್ಟ ಕಾರ್ಡ್ ತೆರೆದ ಮೇಲೆ ಅನ್‌ಡೂ ಇರಬಾರದು ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ಚೆನ್ನೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಹಾಗಾಗಿ ಅನ್‌ಡೂ ಕೊಟ್ಟರೇನು ತೊಂದರೆ ಅನಿಸಬಹುದು. ತೊಂದರೆ ಇದೆ. ಏಳೂ ಗುಳಿಗಳನ್ನು ಆಡಿ ನೋಡಿ, ಹೆಚ್ಚು ಕಾಯಿ ಸಿಗುವುದನ್ನು ಆರಿಸಬಹುದು. ಯೋಚಿಸುವ ಅಗತ್ಯವೇ ಇಲ್ಲ. ಆದರೆ ಸಣ್ಣ ಸ್ಕ್ರೀನಿನಲ್ಲಿ ಬೆರಳು ಪಕ್ಕದ ಗುಳಿಗೆ ತಾಗುವುದೂ ನಿಜ. ಅದಕ್ಕೇ ಮುಟ್ಟಿದ ಗುಳಿ ಮೊದಲು ಹೊಳೆಯುತ್ತದೆ, ಇನ್ನೊಮ್ಮೆ ಮುಟ್ಟಿದರೆ ಮಾತ್ರ ಕಾಯಿ ಹೊರಡುತ್ತದೆ. ಮೊದಲ ಕಾಯಿ ಬಿದ್ದ ಮೇಲೆ ವಾಪಸ್ ಇಲ್ಲ.

ಕೋಡಿಗೆ ಸಂಬಂಧವೇ ಇಲ್ಲದ ಒಂದು ಸಂಗತಿಯೂ ಬಂತು. ಆಟಕ್ಕೆ ಕರೆಯುವ ಸಂದೇಶದ ಕರಡಿನಲ್ಲಿ "ನಿಮ್ಮ ತಂಗಿಯ ಜೊತೆ ಆಡಿ" ಅಂತ ಒಂದು ಸಾಲಿತ್ತು. ಅಜ್ಜಿ ಓದಿಸಿಕೊಂಡು, "ಅಕ್ಕತಂಗಿ ಚೆನ್ನೆ ಆಡ್ಲಿಕ್ಕಿಲ್ಲ" ಅಂದರು. ಸಿರಿ ಪಾಡ್ದನ ಎಂಬ ತುಳು ಜನಪದ ಕಥನ ಹಾಡಿನಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳಾಡಿ ಜೀವವನ್ನೇ ಕಳೆದುಕೊಳ್ಳುತ್ತಾರೆ. ಹಾಗಾಗಿ ಅಕ್ಕತಂಗಿ ಚೆನ್ನೆ ಆಡಬಾರದು ಅನ್ನುವ ನಂಬಿಕೆ ಇಲ್ಲಿ ಇನ್ನೂ ಗಟ್ಟಿಯಾಗಿದೆ. ಸಾಲು ಅವತ್ತೇ ಹೋಯಿತು. ಆಟ ಯಾವ ಊರಿನದ್ದೋ ಆ ಊರಿನವರನ್ನು ಟೆಸ್ಟಿಂಗಿಗೆ ಕರೆಯಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಮಾಡುತ್ತಿರುವುದು ದೂರದಲ್ಲಿದ್ದು ಬಿಡುವಾದಾಗ ಒಂದೊಂದೇ ನಡೆ ಆಡುವ ವ್ಯವಸ್ಥೆ. ಬ್ರಹ್ಮಾವರದ ಅಮ್ಮ ಬೆಳಿಗ್ಗೆ ಒಂದು ನಡೆ ಆಡುತ್ತಾರೆ, ದುಬೈಯಲ್ಲಿರುವ ಮಗಳು ರಾತ್ರಿ ಕೆಲಸ ಮುಗಿಸಿ ನೋಡುತ್ತಾಳೆ. ಅಷ್ಟು ಹೊತ್ತಿಗೆ ಮಣೆ ಹೇಗಿತ್ತು ಅಂತ ಯಾರಿಗೆ ನೆನಪಿರುತ್ತದೆ? ಅದಕ್ಕೆ ಆ್ಯಪ್ ತೆರೆದ ಕೂಡಲೇ ಎದುರಿನವರ ನಡೆ ಮೊದಲ ಕಾಯಿಯಿಂದ ಮತ್ತೆ ನಡೆಯುತ್ತದೆ, ಆಮೇಲೆಯೇ ನಮ್ಮ ಸರದಿ. ಬೇಡದವರಿಗೆ ದಾಟಿಸುವ ಬಟನ್ ಕೆಳಗಿನ ಮೂಲೆಯಲ್ಲಿದೆ.