ಬ್ರೇಕ್ ತೆಗೆಸಿಲ್ಲ, ಬೂಸ್ಟರ್ ತೆಗೆಸಿದ್ದೇನೆ

"ಬ್ರೇಕ್ ತೆಗೆಸಿದ್ದೀಯಂತೆ, ಗಾಡಿಗೆ ಬ್ರೇಕೇ ಇಲ್ಲವಾ?" ಅಂತ ಕಂಡವರೆಲ್ಲ ಕೇಳುತ್ತಾರೆ. ಇದೆ. ನನ್ನ ಗಾಡಿಗೆ ಬ್ರೇಕ್ ಇದೆ. ನಾಲ್ಕೂ ಚಕ್ರಕ್ಕೆ ಇದೆ, ಹ್ಯಾಂಡ್ ಬ್ರೇಕ್ ಬೇರೆ ಇದೆ. ಇನ್ನು ಮುಂದೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದವರಿಗೆ ಈ ಬರಹದ ಕೊಂಡಿ ಕಳಿಸಿ ಸುಮ್ಮನಾಗುತ್ತೇನೆ.

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪನ ಗಾಡಿ. ಪೆಟ್ರೋಲ್ ಎಂಜಿನ್ ಇಳಿಸಿ ಎಲೆಕ್ಟ್ರಿಕ್ ಮೋಟಾರ್ ಕೂರಿಸಿದೆ. ಒಂದು ವರ್ಷ ಓಡಿಸಿದ ಮೇಲೆ ಬ್ರೇಕಿನ ವ್ಯಾಕ್ಯೂಮ್ ಬೂಸ್ಟರನ್ನೂ, ಅಂದರೆ ಕಾಲಿನ ಒತ್ತಿಗೆ ಬಲ ಸೇರಿಸುವ ಡಬ್ಬವನ್ನೂ, ತೆಗೆಸಿದೆ. ಈಗ ಬರೀ ಕಾಲಿನ ಬಲದಲ್ಲಿ ನಿಲ್ಲುತ್ತದೆ. "ಪವರ್ ಬ್ರೇಕನ್ನು ಮ್ಯಾನುಯಲ್ ಯಾಕೆ ಮಾಡಿಸಿದೆ?" ಅಂತ ಕೇಳಿದರೆ ಅದು ಪ್ರಶ್ನೆ. ಹಾಗೆ ಕೇಳಿದವರು ಈವರೆಗೆ ಇಬ್ಬರು. ಮಿಕ್ಕವರೆಲ್ಲ ಕೇಳೋದೇ ಬೇರೆ.

ಕಳೆದ ಯುಗಾದಿಗೆ ಪುಣೆಯ ನಮ್ಮ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ದರು. ಹೋಳಿಗೆಗೆ ಸಾಲು. ನನ್ನ ಮುಂದೆ ಇದ್ದ ಧಾರವಾಡದ ಹಿರಿಯರೊಬ್ಬರು ತಟ್ಟೆ ಹಿಡಿದುಕೊಂಡೇ ತಿರುಗಿದರು.

"ಏನೋ ತಮ್ಮಾ, ಗಾಡಿ ಬ್ರೇಕ್ ತಗಿಸೀಯಂತಲ್ಲ?"

ಇಡೀ ಸಾಲಿಗೆ ಕೇಳಿಸಿತು. "ಬ್ರೇಕ್ ಅಲ್ಲ ಕಾಕಾ, ಬೂಸ್ಟರ್," ಅಂದೆ. "ಎರಡೂ ಒಂದ ಅಲ್ಲೇನೋ?" ಅಂದರು. ಹಿಂದಿನಿಂದ ಯಾರೋ, "ಬ್ಯಾಟರಿ ಉಳೀತದ ಅಂತ ತಗಿಸ್ಯಾನ್ರಿ" ಅಂತ ಕಾರಣವನ್ನೂ ಕೊಟ್ಟುಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಬಂತು, ತುಪ್ಪ ಬಂತು, ಮಾತು ಅಲ್ಲಿಗೇ ಮುಗಿಯಿತು. ನಾಲ್ಕು ದಿನ ಬಿಟ್ಟು ಹುಬ್ಬಳ್ಳಿಯಿಂದ ಅತ್ತೆಯ ಫೋನು: "ಹುಡುಗರನ್ನ ಆ ಗಾಡ್ಯಾಗ ಕೂಡಿಸಬ್ಯಾಡ್ರಿ." ಪುಣೆಯಲ್ಲಿ ಸೀನಿದರೆ ಹುಬ್ಬಳ್ಳಿಯಲ್ಲಿ ಕಷಾಯ ಕಾಯಿಸುತ್ತಾರೆ.

ಸರಿ, ಈಗ ಕೇಳಿ. ಬೂಸ್ಟರ್ ಅಂದರೆ ಪೆಡಲಿಗೂ, ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿಗೂ ನಡುವೆ ಕೂರುವ ತಗಡಿನ ದುಂಡು ಡಬ್ಬ. ಒಳಗೆ ರಬ್ಬರಿನ ಪರದೆ. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ಪರದೆಯ ಎರಡೂ ಬದಿಯ ಗಾಳಿಯನ್ನು ಹೀರಿಕೊಂಡಿರುತ್ತದೆ. ಹೀಗೆ ಗಾಳಿ ಹೀರಿ ಖಾಲಿಯಾಗಿರೋದೇ ವ್ಯಾಕ್ಯೂಮ್. ನೀವು ಪೆಡಲ್ ಒತ್ತಿದಾಗ ಒಂದು ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ತಳ್ಳುತ್ತದೆ. 8 ಇಂಚಿನ ಡಬ್ಬವಾದರೆ ಗಾಳಿ 200 ಕಿಲೋ ಭಾರದಷ್ಟು ಜೋರಾಗಿ ತಳ್ಳಬಲ್ಲದು. ನಿಮ್ಮ ಕಾಲು ಬರೀ ಅಪ್ಪಣೆ ಕೊಡೋದು, ಕೆಲಸ ಮಾಡೋದು ಗಾಳಿ.

ಎಲೆಕ್ಟ್ರಿಕ್ ಮೋಟಾರ್ ಉಸಿರಾಡುವುದಿಲ್ಲ. ಹಾಗಾಗಿ ಗಾಳಿ ಹೀರೋಕೆ ಒಂದು ಪುಟ್ಟ ಪಂಪ್ ಬೇಕು, ಅದಕ್ಕೆ ಕರೆಂಟ್ ಕೊಟ್ಟು ಓಡಿಸೋಕೆ ರಿಲೇ, ಯಾವಾಗ ಓಡಬೇಕು ಅಂತ ಹೇಳೋಕೆ ಒಂದು ಸ್ವಿಚ್, ವ್ಯಾಕ್ಯೂಮ್ ಕೂಡಿಡೋಕೆ ಡಬ್ಬಿ, ಜೊತೆಗೆ ಪೈಪು, ಕ್ಲಾಂಪು. ನಮ್ಮ ಗಾಡಿ ಸದ್ದೇ ಮಾಡುವುದಿಲ್ಲವಾದ್ದರಿಂದ ಪ್ರತಿ ಸಿಗ್ನಲ್‌ನಲ್ಲಿ ಈ ಪಂಪ್ ಕರ್ರ್ ಅನ್ನುವುದು ಅಕ್ಕಪಕ್ಕದವರಿಗೂ ಕೇಳುತ್ತಿತ್ತು. ಒಬ್ಬ ರಿಕ್ಷಾದವನು ಬಗ್ಗಿ ನೋಡಿದ. ಒಳಗೆ ಚಟ್ನಿ ರುಬ್ಬುತ್ತಿದ್ದಾರೆ ಅಂದುಕೊಂಡನೋ ಏನೋ.

ಸದ್ದಿಗೆ ಬೇಜಾರಾಗಿ ತೆಗೆಸಿದ್ದಲ್ಲ. ಕೇತಕಾವಳೆಯ ಬಾಲಾಜಿ ದೇವಸ್ಥಾನಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಹೊಸ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೂ ಇಳಿಜಾರು. ಪುಣೆಯವರಿಗೆ ಆ ಜಾಗದ ಬಗ್ಗೆ ಹೇಳಬೇಕಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವ ಲಾರಿಗಳು ಬ್ರೇಕ್ ಕಾದು ಮುಂದಿದ್ದವರ ಮೇಲೆ ಹತ್ತಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಮ್ಮೆ ಒತ್ತಿದೆ, ಸರಿ ಇತ್ತು. ಎರಡನೇ ಸಲ ಸ್ವಲ್ಪ ಬಿಗಿ ಅನ್ನಿಸಿತು. ಮೂರನೇ ಸಲ ಪೆಡಲ್ ಕಲ್ಲಾಗಿತ್ತು.

ನನಗೆ ಮೊದಲು ಹೊಳೆದದ್ದು ನೀರಿನ ಬಾಟಲಿ ಉರುಳಿ ಪೆಡಲಿನ ಕೆಳಗೆ ಸಿಕ್ಕಿದೆ ಅಂತ. ಅಂಥ ಹೊತ್ತಲ್ಲಿ ಬಗ್ಗಿ ನೋಡಿದೆ, ಮೂರ್ಖ. ಬಾಟಲಿ ಹೆಂಡತಿಯ ಕೈಯಲ್ಲಿತ್ತು. ಮತ್ತೆ ಮತ್ತೆ ಒತ್ತಿದೆ. ಒತ್ತಿದಷ್ಟೂ ಡಬ್ಬಿಯಲ್ಲಿ ಉಳಿದಿದ್ದ ಚೂರುಪಾರು ವ್ಯಾಕ್ಯೂಮ್ ಕೂಡ ಖರ್ಚಾಯಿತು. ಕೊನೆಗೆ ಎರಡೂ ಕಾಲು ಪೆಡಲ್ ಮೇಲೆ ಊರಿ, ಬೆನ್ನನ್ನು ಸೀಟಿಗೆ ಒತ್ತಿ, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆದು ಎಡಗಡೆ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಪ್ರಸಾದದ ಲಾಡು ಒಡೆದಿತ್ತು. ಗ್ಯಾರೇಜಿನಲ್ಲಿ ನೋಡಿದರೆ ಪಂಪಿನ ರಿಲೇ ಸುಟ್ಟಿತ್ತು. ಚಹಾದ ಬಿಸ್ಕತ್ತಿನಷ್ಟು ದೊಡ್ಡದಿರಲಿಲ್ಲ ಅದು.

"ಮೋಟಾರೇ ಗಾಡಿ ಹಿಡಿಯುತ್ತಲ್ಲ, ರೀಜನ್ ಇರುತ್ತಲ್ಲ?" ಅಂತ ಯೂಟ್ಯೂಬ್ ನೋಡಿದವರು ಕೇಳುತ್ತಾರೆ. ಇರುತ್ತೆ. ರೀಜನ್ ಅಂದರೆ ಮೋಟಾರೇ ಡೈನಮೋ ಆಗಿ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ಕಳಿಸೋದು. ನನ್ನ ಗಾಡಿಯಲ್ಲಿ ಅದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮಳೆಯಲ್ಲಿ ಹಿಂಬದಿ ಜಾರುತ್ತದೆ ಅಂತ ನಾನೇ ಅದನ್ನು ಕಡಿಮೆ ಇಡಿಸಿದ್ದೆ. ಇನ್ನೊಂದು ಏನೆಂದರೆ, ಬ್ಯಾಟರಿ ಪೂರ್ತಿ ತುಂಬಿದ್ದರೆ ಬಂದ ಕರೆಂಟನ್ನು ಇಡೋಕೆ ಜಾಗ ಇರುವುದಿಲ್ಲ. ಲೋಣಾವಳಾದಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಸಿ ಘಾಟ್ ಇಳಿಯಲು ಹೊರಡಿ, ಗೊತ್ತಾಗುತ್ತೆ.

ಇಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಇದೆ. ನಮ್ಮ ಪದ್ಮಿನಿಗೆ ಕಂಪನಿಯಿಂದ ಬೂಸ್ಟರ್ ಬಂದಿರಲೇ ಇಲ್ಲ! ಆಮೇಲೆ ಯಾವಾಗಲೋ ಚೋರ್ ಬಜಾರಿನಿಂದ ತಂದ ಡಬ್ಬವನ್ನು ಅಪ್ಪ ಹಾಕಿಸಿದ್ದು. ನಾಲ್ಕೂ ಕಡೆ ಡ್ರಮ್ ಬ್ರೇಕ್. ಡ್ರಮ್‌ನ ಗುಣ ಏನು ಅಂದರೆ, ತಿರುಗುವ ಡ್ರಮ್ಮೇ ಒಳಗಿನ ಒಂದು ಶೂವನ್ನು (ಡ್ರಮ್ಮಿಗೆ ಒತ್ತಿ ಉಜ್ಜುವ ಪಟ್ಟಿಯನ್ನು) ತನ್ನತ್ತ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ತಟ್ಟೆಯನ್ನು ಹಿಚುಕಿ ನಿಲ್ಲಿಸುವ ಡಿಸ್ಕ್ ಬ್ರೇಕ್‌ಗೆ ಆ ಗುಣ ಇಲ್ಲ, ಅದಕ್ಕೇ ಸಾಮಾನ್ಯವಾಗಿ ಅದಕ್ಕೆ ಬೂಸ್ಟರ್ ಬೇಕು. ಹಾಗಾಗಿ ನಿಮ್ಮ ಗಾಡಿಗೆ ಮುಂದೆ ಡಿಸ್ಕ್ ಇದ್ದರೆ ನನ್ನನ್ನು ನೋಡಿ ಕಲಿಯಬೇಡಿ. ಒಳ್ಳೆ ಪಂಪ್ ಹಾಕಿಸಿ, ವ್ಯಾಕ್ಯೂಮ್ ಇಳಿದರೆ ಹೊತ್ತಿಕೊಳ್ಳುವ ಕೆಂಪು ದೀಪ ಹಾಕಿಸಿ.

"ನೀನೂ ದೀಪ ಹಾಕಿಸಬಹುದಿತ್ತಲ್ಲ?" ಹಾಕಿಸಬಹುದಿತ್ತು. ನಮ್ಮ ಮೆಕ್ಯಾನಿಕ್ ಕೂಡ "ಸಾಹೇಬ, ಬೂಸ್ಟರ್ ಕಾಢೂ ನಕಾ" ಅಂತ ಮೂರು ಸಲ ಹೇಳಿದ. ತೆಗೆಯಬೇಡಿ, ಎರಡನೇ ಪಂಪ್ ಹಾಕೋಣ ಅನ್ನೋದು ಅವನ ಮಾತು. ಅವನು ಹೇಳಿದ್ದು ತಪ್ಪೇನಲ್ಲ. ಆದರೆ ನನಗೆ ಆ ಮೂರನೇ ಒತ್ತು ಕಾಲಲ್ಲೇ ಉಳಿದುಬಿಟ್ಟಿತ್ತು. ದಿನಾ ಗಟ್ಟಿ ಇರುವ ಪೆಡಲ್‌ಗೆ ಕಾಲು ಹೊಂದಿಕೊಳ್ಳುತ್ತದೆ. ದಿನಾ ಬೆಣ್ಣೆ ಹಾಗಿದ್ದು ಒಂದು ದಿನ ಕಲ್ಲಾಗುವ ಪೆಡಲ್‌ಗೆ ಹೊಂದಿಕೊಳ್ಳೋದು ಹೇಗೆ?

ಸುಮ್ನೆ ಡಬ್ಬ ಕಿತ್ತು ಬಿಸಾಕಿದರೆ ಕೆಲಸ ಆಗುವುದಿಲ್ಲ. ಬೂಸ್ಟರ್ ಹಾಕಿದವರು ಪೆಡಲ್ ಲೆಕ್ಕವನ್ನೂ ಬದಲಿಸಿರುತ್ತಾರೆ. ನಮ್ಮದರಲ್ಲಿ ಕೀಲಿನಿಂದ ಪಾದ ಇಡುವ ಜಾಗಕ್ಕೆ 24 ಸೆಂಟಿಮೀಟರ್, ಕೀಲಿನಿಂದ ಸಿಲಿಂಡರ್ ತಳ್ಳುವ ರಾಡ್ ಸಿಕ್ಕಿಸುವ ತೂತಿಗೆ 6. ಅಂದರೆ ಕಾಲಿನ ಬಲ ನಾಲ್ಕು ಪಟ್ಟು. ತೂತನ್ನು 4 ಸೆಂಟಿಮೀಟರ್‌ಗೆ ಸರಿಸಿದರೆ ಆರು ಪಟ್ಟು. ಹಾರೆ ಹಾಕಿ ಕಲ್ಲು ಎತ್ತುವ ಲೆಕ್ಕವೇ. ಜೊತೆಗೆ ಮಾಸ್ಟರ್ ಸಿಲಿಂಡರನ್ನು ಮುಕ್ಕಾಲು ಇಂಚಿನದು ಹಾಕಿಸಿದೆ, ಮೊದಲು ಇಂಚಿನ ಎಂಟರಲ್ಲಿ ಏಳು ಭಾಗದ್ದಿತ್ತು. ಸಿಲಿಂಡರ್ ಸಣ್ಣದಾದರೆ ಅಷ್ಟೇ ಬಲಕ್ಕೆ ಒತ್ತಡ ಜಾಸ್ತಿ. ಎರಡೂ ಸೇರಿ ಹೆಚ್ಚುಕಡಿಮೆ ಎರಡು ಪಟ್ಟು ಬಂತು. ಬಿಟ್ಟಿ ಬರಲಿಲ್ಲ. ಪೆಡಲ್ ಈಗ ಎರಡು ಪಟ್ಟು ಕೆಳಗೆ ಹೋಗುತ್ತದೆ, ಶೂ ಸ್ವಲ್ಪ ಸವೆದರೂ ನೆಲ ಮುಟ್ಟೋಕೆ ಬರುತ್ತದೆ, ತಿಂಗಳಿಗೊಮ್ಮೆ ಗಾಡಿ ಕೆಳಗೆ ಮಲಗಿ ಅಡ್ಜಸ್ಟ್ ಮಾಡಬೇಕು. ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಅಂತ ಎರಡು ಸಾಲಿನ ಸಿಲಿಂಡರನ್ನೇ ಹಾಕಿಸಿದ್ದೇನೆ, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯಲಿ ಅಂತ. ಅಷ್ಟು ಬುದ್ಧಿ ಇದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಈ ಗಾಡಿಯನ್ನು ಇನ್ಯಾರು ಓಡಿಸುತ್ತಾರೆ?

ಮೊದಲು ನನ್ನ ಹೆಂಡತಿ ಓಡಿಸುತ್ತಿದ್ದಳು. ನನಗಿಂತ ಜಾಸ್ತಿಯೇ. ಲಕ್ಷ್ಮೀ ರಸ್ತೆಯ ಗದ್ದಲದಲ್ಲಿ, ಸ್ಟೇರಿಂಗ್ ಪಕ್ಕದ ಗೇರ್ ಹಾಕಿಕೊಂಡು, ಸೀರೆ ಅಂಗಡಿ ಎದುರಿಗೇ ಪಾರ್ಕ್ ಮಾಡಿ ಬರುತ್ತಿದ್ದಳು. ಬೂಸ್ಟರ್ ತೆಗೆಸಿದ ಮೇಲೆ ಒಂದು ಸಲ ಕರ್ವೆನಗರದವರೆಗೆ ಹೋಗಿ ಬಂದಳು. ಕೀಲಿಯನ್ನು ಗೂಟಕ್ಕೆ ಹಾಕಿದಳು. ಮೊಣಕಾಲು ಒತ್ತಿಕೊಳ್ಳುತ್ತಾ ಕೂತಳು. ಏನೂ ಅನ್ನಲಿಲ್ಲ. ಮರುತಿಂಗಳು ಸ್ಕೂಟರ್ ತಗೊಂಡಳು. ತೆಗೆಸುವ ಮುಂಚೆ ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಇಳಿಜಾರಿನಲ್ಲಿ ಆ ದಿನ ಪಕ್ಕದಲ್ಲೇ ಕೂತಿದ್ದಳಲ್ಲ, ಅವಳಿಗೂ ಇದೇ ಬೇಕಿರುತ್ತೆ ಅಂತ ನಾನೇ ತೀರ್ಮಾನ ಮಾಡಿದ್ದೆ.

ಹೋದ ಭಾನುವಾರ ಮತ್ತೆ ಓಡಿಸಿ ನೋಡು ಅಂದೆ. ಗಟ್ಟಿ ಪೆಡಲ್‌ಗೆ ಹತ್ತಿರ ಕೂರಬೇಕು, ಮೊಣಕಾಲು ಮಡಚಿರಬೇಕು ಅಂತ ಉಪದೇಶವನ್ನೂ ಮಾಡಿದೆ. ನಮ್ಮ ಗಾಡಿಯ ಮುಂದಿನ ಸೀಟು ಉದ್ದಕ್ಕೆ ಒಂದೇ. ಅವಳಿಗಾಗಿ ಮುಂದೆ ಎಳೆದರೆ ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಸಿಕ್ಕಿತು. ಹಾಗೇ ಮುದುಡಿ ಕೂತೆ. ಕರ್ವೆ ಪುತಳಾ ಸಿಗ್ನಲ್‌ನಲ್ಲಿ ಕೆಂಪು ಬಿತ್ತು. ಅವಳು ಹಲ್ಲು ಕಚ್ಚಿ ಒತ್ತಿದಳು. ಗೆರೆಯ ಹಿಂದೆ ಸರಿಯಾಗಿ ನಿಂತಿತು.

"ನೋಡು, ನಿಂತಿತಲ್ಲ," ಅಂದೆ.

"ನಿಂತದ," ಅಂದಳು. ಕಾಲು ಇನ್ನೂ ಪೆಡಲ್ ಮೇಲೇ ಇತ್ತು, ಸಣ್ಣಗೆ ನಡುಗುತ್ತಿತ್ತು. "ಹೊಳ್ಳಿ ಹೋಗೋ ಮುಂದ ನೀವ ಓಡಸ್ರಿ."